ಕಾಯದ ಕುಚ್ಚು, ಕಾಯುವ ಸ್ವೆಟರ್

ಹೋದ ತಿಂಗಳು ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಮುಗಿಯದೆ ಕುಳಿತಿದ್ದ ಹೆಣಿಗೆ ಕೆಲಸಗಳನ್ನು ಎಣಿಸಿದರೆ ಐದಾದವು. ಕುಚ್ಚು ಕಟ್ಟಬೇಕಾದ ರೇಷ್ಮೆ ಸೀರೆ ಎರಡು, ಯಳಂದೂರಿನ ಅಕ್ಕನ ಮಗನಿಗೆ ಕ್ರೋಶಾ ಕುಲಾವಿ, ಹನೂರಿನ ಅಜ್ಜಿಗೆ ಉಲ್ಲನ್ ಸ್ವೆಟರ್, ಮತ್ತೆ ನನಗೇ ಅಂತ ಶುರು ಮಾಡಿದ ಒಂದು ಮೊಬೈಲ್ ಪೌಚ್. ಜೊತೆಗೆ ಐದನೇ ಸೆಮಿಸ್ಟರಿನ ಇಂಟರ್ನಲ್ಸ್. ದಿಂಬಿನ ಪಕ್ಕ, ಟಿ.ವಿ. ಹಿಂದೆ, ಎಲ್ಲಿ ಕೈ ಹಾಕಿದರೂ ಒಂದು ದಾರದ ಉಂಡೆ. ‘ಒಂದ ಮುಗ್ಸಿ ಇನ್ನೊಂದ ಹಿಡ್ಕಬಾರ್ದಾ ಕೂಸೇ?’ ಅನ್ನುವುದು ಅಮ್ಮನ ದಿನನಿತ್ಯದ ಸುಪ್ರಭಾತ.

ಒಂದನ್ನೇ ಹಿಡಿದು ಕೂರಲು ಆಗದಿರುವುದಕ್ಕೂ ಕಾರಣವಿದೆ. ಕ್ರೋಶಾದಲ್ಲಿ ನಿಲ್ಲಿಸುವ ಹೊತ್ತಿಗೆ ಕಡ್ಡಿಯ ಮೇಲೆ ಉಳಿಯುವುದು ಒಂದೇ ಕುಣಿಕೆ. ಅದಕ್ಕೊಂದು ಪಿನ್ನು ಹಾಕಿ ಬ್ಯಾಗಿಗೆ ತುರುಕಿದರೆ ಆಯಿತು. ಎರಡು ಕಡ್ಡಿಯ ಹೆಣಿಗೆ ಹಾಗಲ್ಲ, ಅಷ್ಟೂ ಕುಣಿಕೆಗಳು ಒಟ್ಟಿಗೇ ಕಡ್ಡಿಯ ಮೇಲೆ ಕುಳಿತಿರುತ್ತವೆ. ಅಜ್ಜಿಯ ಸ್ವೆಟರಿನ ಬೆನ್ನಿಗೆ ನಾನು ಹಾಕಿದ್ದು 92. ಬಸ್ಸು ಹಂಪ್ ಹಾರಿ ಒಂದು ಕುಣಿಕೆ ಜಾರಿತು ಅಂದರೆ ಏಣಿಯ ಮೆಟ್ಟಿಲಿನ ಹಾಗೆ ಕೆಳಗಿನ ಸಾಲುಗಳೂ ಬಿಚ್ಚಿಕೊಳ್ಳುತ್ತವೆ. ಆದ್ದರಿಂದ ಕುಲಾವಿ ಬಸ್ಸಿಗೆ, ಸ್ವೆಟರ್ ಮನೆಗೆ. ಚಾಮರಾಜನಗರದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಮಾಂಬಳ್ಳಿ ಬರುವಷ್ಟರಲ್ಲಿ ಎರಡು ಸುತ್ತು ಮುಗಿಯುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡು ಉಳಿಯಿತು, ಸೀಟು ಮಾತ್ರ ಸಿಗುವುದು ಅಪರೂಪ. ನಿಂತುಕೊಂಡು ಹೆಣೆಯುವ ವಿದ್ಯೆ ನನಗಿನ್ನೂ ಬಂದಿಲ್ಲ.

ಸೀರೆ ಕುಚ್ಚಿನ ಕಥೆಯೇ ಬೇರೆ. ನಮ್ಮದು ರೇಷ್ಮೆ ಊರು. ಮಗ್ಗದಿಂದ ಇಳಿದ ಸೀರೆಯ ಸೆರಗಿನ ತುದಿಯಲ್ಲಿ ಹಾಸಿನ ಎಳೆಗಳು ಬಿಚ್ಚಿಕೊಳ್ಳದಿರಲಿ ಎಂದು ಗಂಟು ಹಾಕುತ್ತಿದ್ದದ್ದು ಕುಚ್ಚು. ಈಗ ಕ್ರೋಶಾ ಕಮಾನು, ಮಣಿ, ಬ್ಲೌಸಿಗೆ ಹೊಂದುವ ಬಣ್ಣ ಎಲ್ಲವೂ ಬೇಕು. ಸರಳ ಡಿಸೈನಿಗೆ ನಾನು 350 ರೂಪಾಯಿ ತೆಗೆದುಕೊಳ್ಳುತ್ತೇನೆ, ಮಣಿ ಜಾಸ್ತಿ ಇದ್ದರೆ 600. ಪರೀಕ್ಷಾ ಶುಲ್ಕ, ಜೆರಾಕ್ಸ್, ರೀಚಾರ್ಜ್ ಎಲ್ಲ ಇದರಲ್ಲೇ ನಡೆಯಬೇಕು. ರೇಷ್ಮೆ ಎಳೆ ಕಡ್ಡಿಗೆ ಸಿಕ್ಕಿ ಸೀಳಿಕೊಳ್ಳುವುದರಿಂದ ಹಗಲು ಬೆಳಕೇ ಬೇಕು, ಹಾಗಾಗಿ ಭಾನುವಾರಗಳೆಲ್ಲ ಸೀರೆಗೆ. ಹೆಣಿಗೆಗಾದರೆ 1589ರಲ್ಲೇ ಇಂಗ್ಲೆಂಡಿನ ವಿಲಿಯಂ ಲೀ ಯಂತ್ರ ಮಾಡಿಟ್ಟ. ಕ್ರೋಶಾ ಇವತ್ತಿಗೂ ಕೈಯನ್ನೇ ನಂಬಿದೆ. ಇದನ್ನು ಮೆಕ್ಯಾನಿಕಲ್ ಬ್ರಾಂಚಿನ ಗೆಳೆಯರಿಗೆ ಹೇಳಿದಾಗ ‘ಫೈನಲ್ ಇಯರ್ ಪ್ರಾಜೆಕ್ಟ್ ಸಿಕ್ತು’ ಎಂದು ಕುಣಿದಾಡಿದರು. ಅದೂ ಈಗ ಅರ್ಧಕ್ಕೆ ನಿಂತವುಗಳ ಲೆಕ್ಕಕ್ಕೇ ಸೇರಿದೆ!

ಎರಡನೇ ವರ್ಷದ ಆಪರೇಟಿಂಗ್ ಸಿಸ್ಟಮ್ಸ್ ಪಾಠ ನನಗೆ ಬೇಗ ಅರ್ಥವಾಗಿದ್ದು ಈ ದಾರದ ಉಂಡೆಗಳಿಂದ. ಪ್ರೊಸೆಸರ್ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವಾಗ, ಎಲ್ಲಿ ನಿಲ್ಲಿಸಿತು ಎಂಬುದನ್ನು ಉಳಿಸಿಟ್ಟುಕೊಂಡೇ ಹೋಗುತ್ತದೆ. ನಾನೂ ಪ್ರತಿ ಚೀಲದಲ್ಲಿ ಒಂದು ಚೀಟಿ ಇಡುತ್ತೇನೆ: ಎಷ್ಟನೇ ಸಾಲು, ಎಷ್ಟು ನಂಬರಿನ ಕಡ್ಡಿ, ಮುಂದಿನದು ಸೀದಾನೋ ಉಲ್ಟಾನೋ. ಒಂದರ ಕಡ್ಡಿ ತೆಗೆದು ಇನ್ನೊಂದಕ್ಕೆ ಹಾಕುವುದಿಲ್ಲ. ಹೀಗೆ ಇಟ್ಟರೆ ಇಂಟರ್ನಲ್ಸ್ ಮುಗಿಸಿ ಹದಿನೈದು ದಿನ ಬಿಟ್ಟು ಕುಳಿತರೂ ಕೈ ತಡವರಿಸುವುದಿಲ್ಲ.

ಅದೇ ಪಾಠದಲ್ಲಿ ‘ಸ್ಟಾರ್ವೇಶನ್’ ಎಂಬ ಮಾತು ಬರುತ್ತದೆ. ಆದ್ಯತೆ ಕಡಿಮೆಯಿರುವ ಕೆಲಸಕ್ಕೆ ಸರದಿಯೇ ಬರದೆ ಅದು ಕಾಯುತ್ತಲೇ ಇರುವುದು. ಅದಕ್ಕೆ ಪರಿಹಾರ ‘ಏಜಿಂಗ್’, ಅಂದರೆ ಕಾದಷ್ಟೂ ಅದರ ಆದ್ಯತೆ ಏರಿಸುತ್ತಾ ಹೋಗುವುದು. ಸೀರೆಗೆ ಮುಹೂರ್ತವಿದೆ. ಮಗುವಿನ ತಲೆ ಯಾರ ಮಾತೂ ಕೇಳದೆ ಬೆಳೆಯುತ್ತಿದೆ. ಸ್ವೆಟರಿಗೆ ಮಾತ್ರ ಯಾರೂ ತಾರೀಕು ಕೊಟ್ಟಿಲ್ಲ. ಅಜ್ಜಿಗೆ ಈಗ 79. ಚಳಿಯೋ ಮಳೆಯೋ, ಬೆಳಗ್ಗೆ ಐದೂವರೆಗೆ ಎದ್ದು ಹಟ್ಟಿ ಮುಂದೆ ನೀರು ಹಾಕಿದರೇ ಅವಳಿಗೆ ಸಮಾಧಾನ. ಫೋನಿನಲ್ಲಿ ಕೇಳಿದರೆ, ‘ನಂಗೇನ್ ಅರ್ಜೆಂಟವ್ವ, ದುಡ್ಡು ಬರೋದ ಮೊದ್ಲು ಮುಗ್ಸು. ಕಂಬ್ಳಿ ಅದೆ, ಹೊದ್ಕತೀನಿ ಬುಡು’ ಅನ್ನುತ್ತಾಳೆ.

ಹಾಗನ್ನುವವರಿಗೇ ಅಲ್ಲವೇ ಸರದಿ ತಪ್ಪುವುದು? ಈ ತಿಂಗಳು ಮೂರನೇ ಸೀರೆ ಬಂದಾಗ ಪಕ್ಕದ ಬೀದಿಯಲ್ಲಿ ಕುಚ್ಚು ಕಟ್ಟುವ ಅಕ್ಕನ ಮನೆಗೆ ಕಳಿಸಿದೆ. ಕೈಗೆ ಬರಬೇಕಿದ್ದ 600 ರೂಪಾಯಿ ಹೋಯಿತು. ಅಮ್ಮ ಸಂಜೆತನಕ ಮಾತಾಡಲಿಲ್ಲ. ರಾತ್ರಿ ಓದು ಮುಗಿದ ಮೇಲೆ ಈಗ ದಿನಾ ನಾಲ್ಕು ಸಾಲು ಸ್ವೆಟರ್, ಎಷ್ಟೇ ನಿದ್ದೆ ಬಂದರೂ. ಬೆನ್ನು, ಎದೆ ಮುಗಿದಿವೆ, ಎಡತೋಳು ಮೊಣಕೈವರೆಗೆ ಬಂದಿದೆ. ಕುಲಾವಿಗೆ ಇನ್ನೆರಡು ಸುತ್ತು ಸೇರಿಸಿ ದೊಡ್ಡದು ಮಾಡುತ್ತಿದ್ದೇನೆ. ಮೊಬೈಲ್ ಪೌಚನ್ನು ಬಿಚ್ಚಿ ದಾರ ಸುತ್ತಿಟ್ಟೆ. ಅದೂ ಬೂದು ಬಣ್ಣದ ಉಲ್ಲನ್ನೇ, ಅಜ್ಜಿಯ ಸ್ವೆಟರಿನ ಕತ್ತುಪಟ್ಟಿಗೆ ಸಾಕಾಗುತ್ತದೆ.