ಮುಂಗಡ ಕೊಡುವ ಮೊದಲು ತಿಳಿಯಿರಿ: ಒಂದೇ ಮನೆಗೆ ಮೂರು ಬೆಲೆ

ಚಿನ್ನಕ್ಕೆ, ಅಡಿಕೆಗೆ, ಬೇಳೆಗೆ ಆ ದಿನದ ದರ ಎಂದು ಒಂದಿರುತ್ತದೆ. ಮನೆಗೆ ಹಾಗಿಲ್ಲ. ಒಂದೇ ಮನೆಗೆ ಮೂರು ಬೆಲೆ ಇರುತ್ತವೆ: ಕೊಡುವವರು ಮತ್ತು ಕೊಳ್ಳುವವರು ಮಾತಾಡಿಕೊಂಡ ಬೆಲೆ, ಸರ್ಕಾರದ ಮಾರ್ಗಸೂಚಿ ಬೆಲೆ, ಬ್ಯಾಂಕಿನ ಮೌಲ್ಯಮಾಪಕರು ಬರೆದುಕೊಡುವ ಬೆಲೆ. ಸಮಾಜದ ಕುಟುಂಬಗಳು ಕಾಗದಪತ್ರ ಹಿಡಿದು ಸಲಹೆ ಕೇಳಲು ಬಂದಾಗ ಹೆಚ್ಚಿನವರಿಗೆ ಮೊದಲನೆಯದು ಮಾತ್ರ ಗೊತ್ತಿರುತ್ತದೆ. ಅಷ್ಟರಲ್ಲಿ ಮುಂಗಡವನ್ನೂ ಕೊಟ್ಟಿರುತ್ತಾರೆ. ಉಳಿದ ಎರಡು ಬೆಲೆ ಆಮೇಲೆ ತಿಳಿದಾಗ ಹಣ ಹೊಂದದೆ ಮುಂಗಡ ಕಳೆದುಕೊಳ್ಳುವ ಸ್ಥಿತಿ ಬರುತ್ತದೆ. ಆದ್ದರಿಂದ ಮೂರನ್ನೂ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಮಾರ್ಗಸೂಚಿ ಬೆಲೆ

ಪ್ರತಿ ಬಡಾವಣೆ, ರಸ್ತೆ, ಗ್ರಾಮಕ್ಕೆ ಸರ್ಕಾರ ನಿಗದಿ ಮಾಡುವ ಕನಿಷ್ಠ ದರ ಇದು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಅಥವಾ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಡಬಹುದು. ಒಪ್ಪಿಕೊಂಡ ಬೆಲೆ ಮತ್ತು ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಮುದ್ರಾಂಕ ಶುಲ್ಕ ಬೀಳುತ್ತದೆ. ಸಾಮಾನ್ಯ ದರ ಶೇ. 5. ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. ಈ ಖರ್ಚಿಗೆ ಸಾಮಾನ್ಯವಾಗಿ ಬ್ಯಾಂಕ್ ಸಾಲ ಸಿಗುವುದಿಲ್ಲ, ಕೈಯಿಂದಲೇ ಕೊಡಬೇಕು.

ಬ್ಯಾಂಕಿನ ಮೌಲ್ಯಮಾಪನ

ಬ್ಯಾಂಕ್ ಕಳುಹಿಸುವ ಮೌಲ್ಯಮಾಪಕರು ಸಾಮಾನ್ಯವಾಗಿ ಸಿವಿಲ್ ಎಂಜಿನಿಯರ್ ಆಗಿರುತ್ತಾರೆ. ಅವರ ಶುಲ್ಕ ಸಾಲ ಕೇಳುವವರ ಮೇಲೆಯೇ ಬೀಳುತ್ತದೆ. ಅವರು ಸ್ಥಳಕ್ಕೆ ಬಂದು ಅಳತೆ ಮಾಡುತ್ತಾರೆ, ಚಕ್ಕುಬಂದಿ ನೋಡುತ್ತಾರೆ, ಮನೆಯನ್ನು ಮಂಜೂರಾದ ನಕ್ಷೆಯೊಂದಿಗೆ ತಾಳೆ ಹಾಕುತ್ತಾರೆ. ಅನುಮತಿ ಇಲ್ಲದೆ ಕಟ್ಟಿದ ಮಹಡಿಯನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಲೆಕ್ಕದ ರೀತಿ ಸರಳ. ಜಾಗದ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ. ಜಾಗದ ಬೆಲೆ ಏರಬಹುದು, ಆದರೆ ಕಟ್ಟಡದ ಬೆಲೆ ವರ್ಷ ಕಳೆದಂತೆ ಸವಕಳಿಯಾಗುತ್ತದೆ. ಉದಾಹರಣೆಗೆ 30–40 ನಿವೇಶನ, ಅಂದರೆ 1,200 ಚದರ ಅಡಿ. ಅಡಿಗೆ 4,000 ರೂಪಾಯಿಯಂತೆ ಜಾಗಕ್ಕೆ 48 ಲಕ್ಷ. ಕಟ್ಟಡ 1,500 ಚದರ ಅಡಿ, ಅಡಿಗೆ 1,800ರಂತೆ 27 ಲಕ್ಷ. ಮನೆಗೆ 20 ವರ್ಷವಾಗಿದ್ದು, ಆಯುಷ್ಯ 60 ವರ್ಷ ಎಂದು ಹಿಡಿದು ಶೇ. 30 ಸವಕಳಿ ತೆಗೆದರೆ ಕಟ್ಟಡಕ್ಕೆ ಉಳಿಯುವುದು 18.9 ಲಕ್ಷ. ಒಟ್ಟು 66.9 ಲಕ್ಷ.

ಈ ಮನೆಗೆ ನೀವು 75 ಲಕ್ಷಕ್ಕೆ ಒಪ್ಪಿದ್ದೀರಿ ಎನ್ನೋಣ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲವಾದರೆ ಬೆಲೆಯ ಶೇ. 90, 30ರಿಂದ 75 ಲಕ್ಷದ ಸಾಲವಾದರೆ ಶೇ. 80, ಅದಕ್ಕೂ ಮೇಲಾದರೆ ಶೇ. 75 ಮೀರುವಂತಿಲ್ಲ. ಇದು ಗರಿಷ್ಠ ಮಿತಿ, ನಿಮ್ಮ ಆದಾಯ ನೋಡಿ ಇನ್ನೂ ಕಡಿಮೆ ಕೊಡಬಹುದು. 75 ಲಕ್ಷಕ್ಕೆ 60 ಲಕ್ಷ ಸಾಲ ಸಿಗುತ್ತದೆ ಎಂದು ನೀವು ಅಂದುಕೊಂಡಿರುತ್ತೀರಿ. ಆದರೆ ಬ್ಯಾಂಕ್ ಹಿಡಿಯುವುದು ಎರಡರಲ್ಲಿ ಕಡಿಮೆಯ ಬೆಲೆಯನ್ನು. 66.9 ಲಕ್ಷದ ಶೇ. 80 ಎಂದರೆ 53.52 ಲಕ್ಷ. ಉಳಿದ 21.48 ಲಕ್ಷದ ಜೊತೆಗೆ ಮುದ್ರಾಂಕ ಮತ್ತು ನೋಂದಣಿಗೆ 5.7 ಲಕ್ಷ, ಹೀಗೆ ಕೈಯಿಂದ 27 ಲಕ್ಷಕ್ಕೂ ಹೆಚ್ಚು ಬೇಕು. 15 ಲಕ್ಷ ಇಟ್ಟುಕೊಂಡು ಮುಂಗಡ ಕೊಟ್ಟವರ ಕಷ್ಟ ಇಲ್ಲಿಂದ ಶುರುವಾಗುತ್ತದೆ.

ಬಸದಿ ಹತ್ತಿರದಲ್ಲಿದೆ, ಬಂಧುಗಳ ಮನೆ ಪಕ್ಕದಲ್ಲಿದೆ ಎಂದು ನಾವು ಒಂದೆರಡು ಲಕ್ಷ ಹೆಚ್ಚು ಕೊಡಲು ಸಿದ್ಧರಿರುತ್ತೇವೆ. ಅದು ನಮ್ಮ ಸಂತೋಷ. ಬ್ಯಾಂಕಿನವರ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ. ಮಾರುವವರು ದೇವರ ಕೋಣೆಗೆ ಮಾಡಿಸಿದ ತೇಗದ ಕೆತ್ತನೆಗೂ ಖರ್ಚು ಮಾಡಿದಷ್ಟು ಬೆಲೆ ಸಿಗುವುದಿಲ್ಲ.

ಪತ್ರದಲ್ಲಿ ಕಡಿಮೆ ಬರೆಸುವುದು

ಶುಲ್ಕ ಉಳಿಸಲು ಪತ್ರದಲ್ಲಿ ಕಡಿಮೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡುವ ರೂಢಿ ಇನ್ನೂ ಹೋಗಿಲ್ಲ. ಇದರಲ್ಲಿ ಇಬ್ಬರಿಗೂ ನಷ್ಟ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಪತ್ರದ ಬೆಲೆಗಿಂತ ಮಾರ್ಗಸೂಚಿ ಬೆಲೆ ಶೇ. 10ಕ್ಕೂ ಹೆಚ್ಚಿದ್ದರೆ ಆದಾಯ ತೆರಿಗೆ ಇಲಾಖೆ ಮಾರ್ಗಸೂಚಿ ಬೆಲೆಯನ್ನೇ ಹಿಡಿಯುತ್ತದೆ. ಮಾರ್ಗಸೂಚಿ ಬೆಲೆ 70 ಲಕ್ಷ, ಪತ್ರದಲ್ಲಿ 60 ಲಕ್ಷ ಎಂದಿದ್ದರೆ ಮಾರಿದವರ ಲಾಭ 70 ಲಕ್ಷದ ಮೇಲೆ ಲೆಕ್ಕವಾಗುತ್ತದೆ. ಕೊಂಡವರಿಗೆ ವ್ಯತ್ಯಾಸದ 10 ಲಕ್ಷ ಆದಾಯವಾಗಿ ಸೇರುತ್ತದೆ. ಮೇಲಾಗಿ, ಕಡಿಮೆ ಬರೆಸಿದ ಪತ್ರಗಳೇ ಆ ರಸ್ತೆಯ ದಾಖಲೆಯಾಗುವುದರಿಂದ ಮುಂದೆ ನಮ್ಮದೇ ಮನೆಯ ಮೌಲ್ಯಮಾಪನವೂ ತಗ್ಗುತ್ತದೆ.

50 ಲಕ್ಷ ಅಥವಾ ಹೆಚ್ಚಿನ ಬೆಲೆಯ ಮನೆಯಾದರೆ ಕೊಳ್ಳುವವರು ಶೇ. 1 ಟಿಡಿಎಸ್ ಹಿಡಿದು ಕಟ್ಟಬೇಕು ಎಂಬುದೂ ನೆನಪಿರಲಿ.

ಹಿರಿಯರ ಮನೆ ಮಾರುವಾಗ

2001ರ ಏಪ್ರಿಲ್ 1ಕ್ಕಿಂತ ಮೊದಲು ಕುಟುಂಬಕ್ಕೆ ಬಂದ ಮನೆಯಾದರೆ ಲಾಭದ ಲೆಕ್ಕಕ್ಕೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಮೂಲ ಬೆಲೆಯಾಗಿ ತೆಗೆದುಕೊಳ್ಳಬಹುದು. ಆದರೆ ಅದು ಅಂದಿನ ಮಾರ್ಗಸೂಚಿ ಬೆಲೆಯನ್ನು ಮೀರುವಂತಿಲ್ಲ. ಇದಕ್ಕೆ ನೋಂದಾಯಿತ ಮೌಲ್ಯಮಾಪಕರ ವರದಿ ಮಾಡಿಸಿಟ್ಟುಕೊಳ್ಳಿ. ಅಣ್ಣತಮ್ಮಂದಿರು, ಅಕ್ಕತಂಗಿಯರು ಪಾಲು ಮಾಡಿಕೊಳ್ಳುವಾಗಲೂ ಹೊರಗಿನ ಮೌಲ್ಯಮಾಪಕರ ವರದಿ ಇದ್ದರೆ ಮಾತು ಬೆಳೆಯುವುದಿಲ್ಲ.

ಮೌಲ್ಯ ಕಡಿಮೆ ಬಂದರೆ

ವರದಿಯಲ್ಲಿ ಅಳತೆ, ಮನೆಯ ವಯಸ್ಸು, ಖಾತೆಯ ವಿವರ ಸರಿ ಇದೆಯೇ ಎಂದು ವಿಚಾರಿಸಿ. ಅಕ್ಕಪಕ್ಕದ ಇತ್ತೀಚಿನ ಕ್ರಯಪತ್ರಗಳ ದೃಢೀಕೃತ ನಕಲು ತೆಗೆಸಿ, ಮರುಪರಿಶೀಲನೆ ಕೇಳಬಹುದು. ಇನ್ನೊಂದು ಬ್ಯಾಂಕಿನಲ್ಲೂ ಪ್ರಯತ್ನಿಸಬಹುದು. ಆಗಲೂ ಅದೇ ಮೌಲ್ಯ ಬಂದರೆ ಆ ವರದಿಯನ್ನು ಮುಂದಿಟ್ಟು ಬೆಲೆ ಇಳಿಸಲು ಮಾತಾಡಿ.

ಕೊಳ್ಳುವವರು ಕರಾರು ಪತ್ರದಲ್ಲಿ ಒಂದು ಮಾತು ಬರೆಸಬೇಕು: ಬ್ಯಾಂಕ್ ಇಷ್ಟು ಮೊತ್ತದ ಸಾಲ ಮಂಜೂರು ಮಾಡದಿದ್ದರೆ ಮುಂಗಡವನ್ನು ಇಷ್ಟು ದಿನದೊಳಗೆ ಹಿಂತಿರುಗಿಸತಕ್ಕದ್ದು. ಮಾರುವವರು ಇ-ಖಾತಾ, ಮಂಜೂರಾದ ನಕ್ಷೆ, ಋಣಭಾರ ಪತ್ರ, ತೆರಿಗೆ ರಸೀದಿ, ಹಿಂದಿನ ಕ್ರಯಪತ್ರಗಳನ್ನು ಮೊದಲೇ ಜೋಡಿಸಿಟ್ಟರೆ ಒಳ್ಳೆಯ ಬೆಲೆ ಸಿಗುವುದೂ ಸುಲಭ. ದರಗಳು, ತೆರಿಗೆ ನಿಯಮಗಳು ಆಗಾಗ ಬದಲಾಗುವುದರಿಂದ ಸಹಿ ಹಾಕುವ ಮೊದಲು ವಕೀಲರನ್ನೂ ಲೆಕ್ಕಪರಿಶೋಧಕರನ್ನೂ ಒಮ್ಮೆ ಕೇಳಿ.