ಹಳೆಯ ಗೃಹೋಪಯೋಗಿ ವಸ್ತುಗಳ ಆನ್‌ಲೈನ್ ಮಾರಾಟ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಮನೆಯ ಮೂಲೆ ಸೇರಿದ ಗ್ರೈಂಡರ್, ಕಬ್ಬಿಣದ ಕಪಾಟುಗಳಿಗೆ ಉಪ್ಪುಗಾಳಿ ಹಾಗೂ ಮಳೆಯಿಂದ ಬೇಗ ತುಕ್ಕು ಹಿಡಿಯುತ್ತದೆ. ಆದ್ದರಿಂದ ಇವುಗಳನ್ನು ಜೂನ್‌ಗೆ ಮೊದಲೇ ಮಾರುವುದು ಲಾಭಕರ. ಒಎಲ್‌ಎಕ್ಸ್ ಅಥವಾ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಜಾಹೀರಾತು ಹಾಕುವ ಮುನ್ನ ವಸ್ತುವನ್ನು ಒರೆಸಿ, ಹಗಲು ಬೆಳಕಿನಲ್ಲಿ ಫೋಟೋ ತೆಗೆಯಬೇಕು. ಖರೀದಿಸಿದ ವರ್ಷ, ದೋಷ, ಬೆಲೆ, ಊರು ಇವನ್ನು ತಿಳಿಸಬೇಕು. ಭಾರದ ವಸ್ತುವಿಗೆ ಸಾಗಣೆ ವೆಚ್ಚ ಹೆಚ್ಚುವುದರಿಂದ ಹತ್ತಿರದ ಗಿರಾಕಿಯೇ ಉತ್ತಮ.

ವಸ್ತುವನ್ನು ನೋಡದೆಯೇ ಪೂರ್ಣ ಬೆಲೆಗೆ ಒಪ್ಪಿ, ಕ್ಯೂಆರ್ ಕೋಡ್ ಕಳುಹಿಸುವವರ ಬಗ್ಗೆ ಎಚ್ಚರ ಅಗತ್ಯ. ಯುಪಿಐಯಲ್ಲಿ ಹಣ ಕೊಡುವವರು ಪಿನ್ ಒತ್ತಬೇಕು. ಪಡೆಯುವವರು ಪಿನ್ ಒತ್ತುವುದಾಗಲಿ, ಕೋಡ್ ಸ್ಕ್ಯಾನ್ ಮಾಡುವುದಾಗಲಿ ಬೇಕಿಲ್ಲ. ಕೇವಲ ಸಂದೇಶವನ್ನು ನಂಬದೆ, ಖಾತೆಗೆ ಹಣ ಜಮೆಯಾದುದನ್ನು ಖಚಿತಪಡಿಸಿಕೊಂಡ ಮೇಲೆಯೇ ವಸ್ತುವನ್ನು ಒಪ್ಪಿಸಬೇಕು. ಮೋಸವಾದಲ್ಲಿ ತಡಮಾಡದೆ 1930ಕ್ಕೆ ಕರೆ ಮಾಡಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.