ಕಟ್ಟಿದ ಮೂಗಿನ ಕಾರಣವಿಚಾರ

ಮೂಗಿನ ನಡುಗೋಡೆ ನೆಟ್ಟಗಿರುವವರಿಗಿಂತ ಅದು ಎಡಕ್ಕೋ ಬಲಕ್ಕೋ ಒಂದಿಷ್ಟು ವಾಲಿರುವವರೇ ಹೆಚ್ಚು. ಆದರೂ ಅವರಲ್ಲಿ ಅನೇಕರು ಉಸಿರಾಟಕ್ಕೆ ಯಾವ ತೊಡಕನ್ನೂ ಅರಿಯದೆಯೇ ಆಯುಷ್ಯವನ್ನು ಕಳೆಯುತ್ತಾರೆ. ಆದಕಾರಣ, ಮೂಗು ಕಟ್ಟಿದೆಯೆಂದು ಬಂದ ರೋಗಿಯಲ್ಲಿ ಡೊಂಕು ಕಂಡೊಡನೆ ಅದರ ಮೇಲೆಯೇ ದೋಷವನ್ನು ಹೊರಿಸುವುದು ವಿವೇಚನೆಯೆನಿಸದು.

ಡೊಂಕು ಎಷ್ಟೆಂಬುದಷ್ಟೇ ಅಲ್ಲ, ಎಲ್ಲಿ ಎಂಬುದೂ ಮುಖ್ಯ. ಹೊಳ್ಳೆಯಿಂದ ತುಸು ಒಳಗೆ, ನಡುಗೋಡೆಗೂ ಪಾರ್ಶ್ವದ ಮೃದ್ವಸ್ಥಿಗೂ ನಡುವೆ, ನಾಸಾಮಾರ್ಗದಲ್ಲಿಯೇ ಅತ್ಯಂತ ಇಕ್ಕಟ್ಟಾದ ಸಂದೊಂದಿದೆ. ವೈದ್ಯರು ಇದನ್ನು ಮೂಗಿನ ಕವಾಟವೆನ್ನುತ್ತಾರೆ. ದ್ರವವೋ ವಾಯುವೋ ನಯವಾಗಿ ಹರಿಯುವ ನಾಳದ ತ್ರಿಜ್ಯವು ಅರ್ಧಕ್ಕಿಳಿದರೆ ಪ್ರವಾಹಕ್ಕೆ ಒದಗುವ ತಡೆ 16 ಪಟ್ಟು ಏರುತ್ತದೆಂಬ ಭೌತಶಾಸ್ತ್ರದ ನಿಯಮವನ್ನು ನೆನೆದರೆ, ಒಳಗಿನ ದೊಡ್ಡ ಡೊಂಕಿಗಿಂತ ಈ ಸಂದಿನ ಸಣ್ಣ ಡೊಂಕು ಏಕೆ ಹೆಚ್ಚು ಪೀಡಿಸುವುದೆಂಬುದು ವಿಶದವಾದೀತು. ಕೆನ್ನೆಯನ್ನು ಬೆರಳಿನಿಂದ ಪಕ್ಕಕ್ಕೆ ಸೆಳೆದಾಗ ಉಸಿರು ಸರಾಗವಾದರೆ ವೈದ್ಯರ ಸಂಶಯ ಇತ್ತ ಹರಿಯುತ್ತದೆ.

ರೋಗಿಯ ಮಾತಿನಲ್ಲಿಯೂ ಸೂಚನೆಗಳಿವೆ. ಒಂದೇ ಹೊಳ್ಳೆ ಸದಾ ಕಟ್ಟಿದ್ದರೆ ಅಂಗರಚನೆಯ ದೋಷವನ್ನು ಶಂಕಿಸಬೇಕು. ಸರದಿಯಂತೆ ಅದಲುಬದಲಾಗಿ ಕಟ್ಟುತ್ತಿದ್ದರೆ ಲೋಳೆಪೊರೆಯ ಊತವನ್ನು. ಏಕೆಂದರೆ ಆರೋಗ್ಯವಂತರಲ್ಲಿಯೂ ಹೊಳ್ಳೆಗಳು ಕೆಲವು ಗಂಟೆಗಳಿಗೊಮ್ಮೆ ಪರ್ಯಾಯವಾಗಿ ಬಿಗಿದು ಸಡಿಲಗೊಳ್ಳುತ್ತವೆ. ಯೋಗಿಗಳ ಸ್ವರಶಾಸ್ತ್ರಕ್ಕೆ ಪರಿಚಿತವಾಗಿದ್ದ ಈ ಸಂಗತಿಯನ್ನು ಜರ್ಮನಿಯ ವೈದ್ಯ ಕೈಸರನು 1895ರಲ್ಲಿ ವಿವರಿಸಿದನು. ಸೀನು, ತುರಿಕೆ, ನೀರಿಳಿತಗಳು ಜೊತೆಗೂಡಿದರೆ ಅಲರ್ಜಿ. ವಾಸನೆಯೇ ತಿಳಿಯದಾದರೆ ದುರ್ಮಾಂಸ. ಮೂಗು ತೆರೆಯುವ ಹನಿಮದ್ದನ್ನು ವಾರಕ್ಕೆ ಮೀರಿ ಬಳಸುತ್ತಿದ್ದರೆ ಆ ಮದ್ದೇ ಕಾರಣವಾಗಿರಬಹುದು. ಮಗುವಿನ ಒಂದೇ ಹೊಳ್ಳೆಯಿಂದ ದುರ್ಗಂಧದ ಸ್ರಾವವಾದರೆ ಒಳಗೆ ಮಣಿಯೋ ಬೀಜವೋ ಸಿಕ್ಕಿರಬಹುದು. ವಯಸ್ಕರಲ್ಲಿ ಒಂದೇ ಕಡೆ ಕಟ್ಟಿ ರಕ್ತವೂ ಬರುತ್ತಿದ್ದರೆ ಗೆಡ್ಡೆಯ ಶಂಕೆಯಿಂದ ವಿಳಂಬವಿಲ್ಲದೆ ಪರೀಕ್ಷಿಸತಕ್ಕದ್ದು.

ಇಷ್ಟಾದರೂ ಅಳತೆಗೂ ಅನುಭವಕ್ಕೂ ಪೂರ್ಣ ಹೊಂದಿಕೆಯಿಲ್ಲ. ಪುದೀನಸತ್ವವನ್ನು ಮೂಸಿದವನಿಗೆ ಮೂಗು ಬಿಟ್ಟಂತೆನಿಸುವುದು ದಾರಿ ಅಗಲವಾದುದರಿಂದಲ್ಲ, ತಂಪನ್ನರಿಯುವ ನರಗಳು ಪ್ರಚೋದಿತವಾದುದರಿಂದ. ಈ ಕಾರಣದಿಂದಲೇ, ರೋಗಿಯ ಬಾಧೆಯನ್ನು 5 ಪ್ರಶ್ನೆಗಳಿಂದ 0ಯಿಂದ 100ರವರೆಗೆ ಅಳೆಯುವ, 2004ರಲ್ಲಿ ಪ್ರಕಟವಾದ ಮಾಪನಕ್ಕೆ ಇಂದು ಮನ್ನಣೆಯಿದೆ. ಅಲರ್ಜಿಯಿಂದ ಊದಿದ ಪೊರೆಯನ್ನು ಹಾಗೆಯೇ ಬಿಟ್ಟು ನಡುಗೋಡೆಯನ್ನು ಮಾತ್ರ ನೆಟ್ಟಗೆ ಮಾಡಿದರೆ ಉಸಿರಿನ ತೊಡಕು ಉಳಿದೇ ಉಳಿದೀತು. ಆದುದರಿಂದ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ, ತನ್ನ ಮೂಗು ಕಟ್ಟಲು ಕಾರಣಗಳೆಷ್ಟೆಂದು ವೈದ್ಯರನ್ನು ಕೇಳುವುದು ರೋಗಿಗೆ ಶ್ರೇಯಸ್ಕರ.